ಸ್ವಂತ ಬೆರಳು

ಮತಗಟ್ಟೆಯ ಅಧಿಕಾರಿ ಬಾಗಿಲಲ್ಲೇ ಇಬ್ಬರನ್ನೂ ನಿಲ್ಲಿಸಿದರು. ಈ ಸಲ ಯಂತ್ರದ ಮೇಲೆ ಬ್ರೈಲ್ ಚುಕ್ಕಿಗಳಿವೆ, ಯಜಮಾನರು ತಾವೇ ಮುಟ್ಟಿ ಓದಿಕೊಂಡು ಒತ್ತಬಹುದು, ಬೇಕೆಂದರೆ ಮಾತ್ರ ಹೆಂಡತಿ ಜೊತೆಗೆ ಹೋಗಲಿ ಎಂದರು.

"ಬೇಕು," ಎಂದಳು ಹೆಂಡತಿ.

"ಬೇಡ," ಎಂದ ಗಂಡ.

ಅವನು ಬೆತ್ತದ ಕುರ್ಚಿ ಹೆಣೆಯುವವನು, ಹುಟ್ಟಾ ಕುರುಡ. ಮದುವೆಯಾದ ಮೇಲೆ ಬಂದ ಐದು ಚುನಾವಣೆಗಳಲ್ಲೂ ಅವನು ಹೆಸರನ್ನು ಅವಳ ಕಿವಿಯಲ್ಲಿ ಉಸುರುವುದು, ಅವಳು ಬಟನ್ ಒತ್ತುವುದು, ಹೀಗೇ ನಡೆದುಬಂದಿತ್ತು. ಈಗ ಅವಳು ತೋಳು ಬಿಟ್ಟ ರೀತಿಯಲ್ಲೇ ಮುಖ ಊದಿಸಿಕೊಂಡಿದ್ದಾಳೆಂದು ಅವನಿಗೆ ತಿಳಿಯಿತು.

ರಟ್ಟಿನ ಮರೆಯ ಹಿಂದೆ ನಿಂತು ಯಂತ್ರದ ಮೇಲೆ ಕೈಯಾಡಿಸಿದ. ಬೆತ್ತ ಎಳೆದೆಳೆದು ಜಡ್ಡುಗಟ್ಟಿದ ಬೆರಳಿಗೆ ಒಂದು ಚುಕ್ಕಿಯೂ ಹತ್ತಲಿಲ್ಲ. ಸಾಲಿನಲ್ಲಿ ಯಾರೋ ಕೆಮ್ಮಿದರು. ಮರ್ಯಾದೆ ಬಿಟ್ಟು ಅವಳನ್ನೇ ಕೂಗಿಬಿಡಲೇ ಎನಿಸಿತು. ಎಡಗೈಯ ಕಿರುಬೆರಳೊಂದು ಇನ್ನೂ ಮೆತ್ತಗಿತ್ತು. ಅದನ್ನೇ ಮೇಲಿನಿಂದ ಕೆಳಕ್ಕೆ ಇಳಿಸಿದ. ಚುಕ್ಕಿಗಳು ಒಂದೊಂದಾಗಿ ಮಾತಾಡತೊಡಗಿದವು. ಬೇಕಾದಲ್ಲಿ ನಿಂತು ಒತ್ತಿದ. ಯಂತ್ರ ಉದ್ದಕ್ಕೆ ಕೂಗಿತು. ವರ್ಷಗಟ್ಟಲೆ ಅವಳ ಪಕ್ಕ ನಿಂತು ಕೇಳಿದ್ದ ಸದ್ದೇ. ಇವತ್ತು ಮಾತ್ರ ಅದು ತನ್ನನ್ನೇ ಹೆಸರು ಹಿಡಿದು ಕರೆದಂತಾಯಿತು.

ಹೊರಗೆ ಬಂದಾಗ ಅವನ ಎದೆ ಒಂದು ಗೇಣು ಉಬ್ಬಿತ್ತು. ಬೀದಿಗಿಳಿಯುವವರೆಗೂ ಹೆಂಡತಿ ತಡೆದುಕೊಂಡಳು.

"ಯಾರಿಗೆ ಹಾಕಿದ್ರಿ?"

"ಹೇಳಲ್ಲ ಕಣೇ. ಅದು ಗುಟ್ಟು."

ಇಷ್ಟು ವರ್ಷ ಇಲ್ಲದ ಗುಟ್ಟು ಈಗೆಲ್ಲಿಂದ ಬಂತು ಎಂದು ಅವಳು ಸಿಡುಕಿದಳು. ಹಾಗಾದರೆ ಇಷ್ಟು ವರ್ಷವೂ ನಾನು ಹೇಳಿದವರಿಗೇ ಒತ್ತಿದ್ದೀಯಲ್ಲ ಎಂದು ಅವನು ಸುಮ್ಮನೆ ಮಾತಿಗೆ ಕೇಳಿದ.

ನಾಲ್ಕು ಹೆಜ್ಜೆ ಅವಳು ಬಿರಬಿರನೆ ನಡೆದಳು.

"ಒಂದ್ಸಲ ಮಾತ್ರ ಇಲ್ಲ," ಎಂದಳು ಆಮೇಲೆ. "ಅವತ್ತು ಬೆಳಿಗ್ಗೆ ನೀವು ನನ್ನ ಅಡುಗೇನ ಆಡ್ಕೊಂಡಿದ್ರಿ."

ಅವನು ನಡುಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೀರು ಒರೆಸಿಕೊಂಡು, ತಾನು ಅಡುಗೆಯನ್ನು ಆಡಿಕೊಂಡದ್ದು ಎರಡು ಚುನಾವಣೆಗಳ ದಿನ ಅಲ್ಲವೇ ಎಂದು ನೆನಪಿಸಿದ.

ಹೆಂಡತಿ ತಟ್ಟನೆ ಅವನ ತೋಳು ಹಿಡಿದು ಪಕ್ಕಕ್ಕೆಳೆದಳು. "ಈ ಕಡೆ ಬನ್ನಿ, ಮುಂದೆ ಗುಂಡಿ ಇದೆ."

ಆ ಬೀದಿಯಲ್ಲಿ ಒಂದೂ ಗುಂಡಿಯಿಲ್ಲವೆಂದು ಅವನ ಕಾಲುಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಎಳೆದಷ್ಟು ದೂರಕ್ಕೂ ಸುತ್ತಿ, ಹುಷಾರಾಗಿ ದಾಟಿದ.