ಹಳದಿ ಚುಕ್ಕೆಯ ಪಾನಾ

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಶಹಾಬಾದಿನ ನಮ್ಮ ಗ್ಯಾರೇಜಿನ ತಣ್ಣನೆಯ ಫರಸಿ ನೆಲ ನೆನಪಾಗುತ್ತದೆ.

ಮರುದಿನ ಆಯುಧ ಪೂಜೆ. ಮೂರನೆಯ ಇಯತ್ತೆಯಲ್ಲಿದ್ದ ನಾನು ಅಪ್ಪನಿಗೆ ಹೇಳದೆ, ನಟ್ಟು ಬಿಚ್ಚುವ ಅವನ ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಜಿಡ್ಡಿನ ಜೊತೆ ಅವುಗಳ ಮೇಲಿದ್ದ ಬಣ್ಣದ ಚುಕ್ಕೆಗಳೂ ಹೋದವು. ಕಬ್ಬಿಣದಲ್ಲಿ ಕೊರೆದ ಅಂಕಿಗಳು ಫಳಫಳ ಹೊಳೆದವು.

ಸಾಹುಕಾರರೊಬ್ಬರ ಅಜ್ಜನ ಕಾಲದ ಕಾರಿನ ಕೆಳಗಿಂದ ಅಪ್ಪನ ಕೈ ಹೊರಬಂತು. "ಹಳದಿ ಚುಕ್ಕಿದು ಕೊಡವ್ವ."

"ಚುಕ್ಕಿ ಎಲ್ಲಾ ತಿಕ್ಕಿ ತೆಗದೀನಪ್ಪ. ಈಗ ನಂಬರ್ ಛಂದ ಕಾಣ್ತಾವ, ನೋಡು."

ಅಪ್ಪ ಹೊರಗೆ ಬಂದು ಪಾನಾಗಳನ್ನು ಬಹಳ ಹೊತ್ತು ನೋಡಿದ. ಬೈಯಲಿಲ್ಲ. "ಭಾಳ ಛಂದ ತಿಕ್ಕಿಯವ್ವ. ನನ್ನ ಕಣ್ಣಾಗ ಎಣ್ಣಿ ಬಿದ್ದದ, ನೀನೇ ಓದು," ಎಂದ.

ನಾನು ಜೋರಾಗಿ ಓದುತ್ತ ಹೋದೆ. ಅವನು ಒಂದೊಂದನ್ನೂ ನಟ್ಟಿಗೆ ಹಾಕಿ ನೋಡಿ, ಮತ್ತೆ ಬಣ್ಣದ ಚುಕ್ಕೆ ಇಡುತ್ತ ಬಂದ. ಸಂಜೆ ಸಾಬೂನು ಹಚ್ಚಿ ಮುಖ ತೊಳೆದು ಬಂದ ಮೇಲೂ ಉಳಿದ ಪಾನಾಗಳನ್ನು ನನ್ನ ಮುಂದೆಯೇ ಹಿಡಿದ.

"ಕಣ್ಣು ಇನ್ನಾ ಉರಿತಾವೇನಪ್ಪ?"

ಅಪ್ಪ ಕುಂಚವನ್ನು ಡಬ್ಬಿಯಲ್ಲಿ ಅದ್ದಿದ. "ಹೂಂ ಅವ್ವ, ಭಾಳ ಉರಿತಾವ."