ಪ್ಯಾಕೆಟ್ ಹಿಂದೆ ಹಾರ ಹಾಕಿಸಿಕೊಂಡ ಅವ್ವ

ಗದಗಿನ ಮುರಿಗೆಪ್ಪನದು ಶೇಂಗಾ ಚಟ್ನಿ ಪುಡಿಯ ವ್ಯಾಪಾರ.

ಪ್ಯಾಕೆಟ್ ಮೇಲೆ ಅವನ ತಾಯಿ ಶಿವಗಂಗವ್ವನ ಫೋಟೋ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು... ಕೊಳ್ಳದೆ ಹೋದರೆ ಬೈದೇ ಬಿಡುತ್ತಾಳೇನೋ ಅನ್ನುವ ಹಾಗೆ!

ಪಾಪ, ಫೋಟೋ ತೆಗೆದ ದಿನ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ಅಷ್ಟೇ.

ಒಮ್ಮೆ ಒಬ್ಬ ಬ್ರ್ಯಾಂಡಿಂಗ್ ಕನ್ಸಲ್ಟೆಂಟ್ ಬಂದ.

"ಸರ್, ಈ ಸಿಟ್ಟಿನ ಮುಖ ನೋಡಿದ್ರೆ ಕಸ್ಟಮರ್ ಓಡಿಹೋಗ್ತಾರೆ. ನಮಗೆ ಎಮೋಷನಲ್ ಕನೆಕ್ಟ್ ಬೇಕು ಸರ್!"

ಮುರಿಗೆಪ್ಪ ತಲೆಯಾಡಿಸಿದ. ಅರ್ಥವಾಗದ ಮಾತಿಗೆಲ್ಲ ತಲೆಯಾಡಿಸುವುದು ಅವನ ಹಳೇ ಚಾಳಿ.

ಹೊಸ ಪ್ಯಾಕೆಟ್ ಬಂತು... ಮುಂದೆ ಹಲ್ಲು ಬಿಟ್ಟು ನಗುವ ಮಾಡೆಲ್. ಜನ್ಮದಲ್ಲಿ ಒಮ್ಮೆಯಾದರೂ ರೊಟ್ಟಿ ತಿಂದವಳಂತೆ ಕಾಣುತ್ತಿರಲಿಲ್ಲ.

ಅವ್ವ ಪ್ಯಾಕೆಟ್ಟಿನ ಹಿಂದಕ್ಕೆ ಹೋದಳು. ಚಿಕ್ಕ ಕಪ್ಪು-ಬಿಳುಪು ಫೋಟೋ, ಸುತ್ತ ಸೇವಂತಿಗೆ ಹಾರ, ಕೆಳಗೊಂದು ದೀಪ. ಇದು "ಹೆರಿಟೇಜ್ ಲುಕ್" ಅಂತೆ! ಮುರಿಗೆಪ್ಪ ಮೊಬೈಲಿನಲ್ಲೇ ನೋಡಿ ಓಕೆ ಅಂದುಬಿಟ್ಟಿದ್ದ.

ಶಿವಗಂಗವ್ವ ಪ್ಯಾಕೆಟ್ ತಿರುಗಿಸಿಯೂ ನೋಡಲಿಲ್ಲ. ಮುಂದಿನ ಮಾಡೆಲ್ ನೋಡಿಯೇ ಮನಸ್ಸು ಮುರಿದಿತ್ತು.

"ನನ್ನ ಮಾರಿ ಜನಕ್ಕ ಬ್ಯಾಡಾಗೇತಿ ಅಂದ್ರ... ನನ್ನ ಕೈನೂ ಬ್ಯಾಡ ಬಿಡಪಾ."

ಅಂದಿನಿಂದ ಆಕೆ ಚಟ್ನಿ ಕುಟ್ಟುವ ಶೆಡ್ಡಿಗೆ ಕಾಲಿಡಲಿಲ್ಲ. ಉಪ್ಪು ಖಾರ ನೋಡಲು ಕರೆದರೂ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುವಳು, ಅರ್ಧ ರೊಟ್ಟಿಗೇ ಕೈ ತೊಳೆಯುವಳು.

ಅವ್ವ ಹೀಗೇ ಹಾಸಿಗೆ ಹಿಡಿದುಬಿಟ್ಟರೆ...? ಮುರಿಗೆಪ್ಪನಿಗೆ ನಿಜಕ್ಕೂ ಹೆದರಿಕೆ ಹತ್ತಿತು.

ಒಂದು ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಶಿವಗಂಗವ್ವನೇ ಎದ್ದು ಹೋಗಿ ತೆರೆದಳು.

ಹೊರಗೆ ಪಕ್ಕದೂರಿನ ಮೂರು-ನಾಲ್ಕು ಹೆಂಗಸರು. ತಲೆತುಂಬ ಸೆರಗು, ಕೆಂಪಾದ ಕಣ್ಣು, ಕೈಯಲ್ಲಿ ಬುತ್ತಿಗಂಟು.

"ಅಯ್ಯಯ್ಯ ಯವ್ವಾ...! ಸತ್ತಾಕಿನೇ ಬಾಗಲಾ ತಗದ್ಳು!"

ಒಬ್ಬಳು ಕಿರುಚಿ, ಬಂದಿದ್ದ ಆಟೋದೊಳಕ್ಕೇ ವಾಪಸ್ ಹತ್ತಿದಳು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇರೆಯವರೇ ಬುತ್ತಿ ತರುತ್ತಾರೆ. ಇವರು ಪ್ಯಾಕೆಟ್ ಹಿಂದಿನ ಹಾರ ನೋಡಿ, ಅಲ್ಲೇ ಇದ್ದ ವಿಳಾಸ ಓದಿಕೊಂಡು ಬಂದಿದ್ದರು!

ಅವರು ತೋರಿಸಿದ ಪ್ಯಾಕೆಟ್ ತಿರುಗಿಸಿ ಶಿವಗಂಗವ್ವ ಆ ಫೋಟೋ ನೋಡಿದ್ದು ಆಗಲೇ. ಮಗನ ಕಡೆ ತಿರುಗಿದಳು.

"ದೀಪಾನೂ ಹಚ್ಚಿಯಲ್ಲೋ... ಇನ್ನ ತಿಥಿ ಊಟ ಯಾವಾಗ?"

ಮುರಿಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಕನ್ಸಲ್ಟೆಂಟ್ ಫೋನ್ ಬಂತು. "ಸರ್, ರೆಸ್ಪಾನ್ಸ್ ಹೇಗಿದೆ?"

"ಮಂದಿ ಮನೀಗೆ ಬಂದು ಅಳಾಕತ್ತಾರ್ರೀ..."

"ವಾವ್! ನಾನು ಹೇಳ್ಲಿಲ್ವಾ ಸರ್, ಎಮೋಷನಲ್ ಕನೆಕ್ಟ್!"

ಇತ್ತ ಶಿವಗಂಗವ್ವ ಹೆಂಗಸರನ್ನೇ ನೋಡುತ್ತಿದ್ದಳು. "ಅಲ್ರವಾ... ನನ್ನ ಸಿಟ್ಟಿನ ಮಾರಿ ಯಾರಿಗೂ ಸೇರೂದಿಲ್ಲಂತ. ನಿಮಗ್ಯಾಕ ಅಳು?"

ಅವರಲ್ಲಿ ಸುವರ್ಣಾ ಎಂಬ ನರ್ಸ್ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಡ್ಯೂಟಿ ಮುಗಿಸಿ ಬಂದು ಒಬ್ಬಾಕಿನೇ ಉಣ್ಣಾಕ ಕುಂದರ್ತೀನ್ರೀ. ನಿಮ್ಮ ಪ್ಯಾಕೆಟ್ ಎದುರಿಗೆ ಇಟ್ಕೊಂತೀನಿ... ಅರ್ಧಕ್ಕ ಎದ್ರ ನೀವು ಬೈದಂಗ ಕಾಣತೈತಿ. ನಮ್ಮವ್ವ ಹೋದ ಮ್ಯಾಲ, ಉಣ್ಣಂತ ನನ್ನ ಮ್ಯಾಲೆ ಸಿಟ್ಟಾಗೋರು ನೀವೊಬ್ರ ಉಳಿದಿದ್ರಿ..."

ಶಿವಗಂಗವ್ವನ ಗಂಟಿಕ್ಕಿದ ಹುಬ್ಬು ಸಡಿಲಾಯಿತು. ತುಟಿ ನಡುಗಿತು... ಮುದುಕಿ ಮಗುವಿನ ಹಾಗೆ ಅತ್ತುಬಿಟ್ಟಳು.

ಮುರಿಗೆಪ್ಪ ಅವಳ ಕಾಲು ಹಿಡಿದ. "ತಪ್ಪಾತು ಬೇ ಯವ್ವಾ..."

"ಮದಲ ಆ ಹಾರಾ ತಗಸು," ಎಂದು ಮೂಗೊರೆಸಿಕೊಂಡಳು. ಆಮೇಲೆ ಸುವರ್ಣಾಳ ರಟ್ಟೆ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು. "ಎಷ್ಟ ಸೊರಗೀಯಲ್ಲಬೇ! ಕುಂದ್ರು ಮದಲ!"

ಆಕೆಯ ಸಾವಿಗೆಂದು ತಂದ ಬುತ್ತಿಯನ್ನು ಆಕೆಯೇ ಬಿಚ್ಚಿ, ಎಲ್ಲರನ್ನೂ ಕೂಡಿಸಿ ಬಡಿಸಿದಳು. ತಾನೂ ಎರಡು ರೊಟ್ಟಿ ಉಂಡಳು. ಆಟೋದಲ್ಲಿ ಅಡಗಿದ್ದವಳಿಗೆ ಮಾತ್ರ ಊಟ ಮುಗಿಯುವವರೆಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಜನ ಪ್ಯಾಕೆಟ್ ಕೊಳ್ಳುವುದು ಅಂಗಡಿಯಲ್ಲಿ... ಅದರ ಮೇಲಿನವರನ್ನು ತಮ್ಮವರನ್ನಾಗಿ ಮಾಡಿಕೊಳ್ಳುವುದು ಅಡುಗೆಮನೆಯಲ್ಲಿ.

ನಿಮ್ಮ ಮನೆಯ ಯಾವ ಡಬ್ಬಿಯ ಮೇಲಿನ ಚಿತ್ರ ಬದಲಾದರೆ, ಮನೆಯವರೇ ಯಾರೋ ಇಲ್ಲವಾದರು ಅನ್ನಿಸುತ್ತದೆ...?