ಖಾಲಿ ಇಂಜಿನ್

"ಡ್ರೈವರ್ ಮಗಳಿಗೆ ಇಲ್ಲೇನು ಕೆಲಸ?"

ಸಭಾಂಗಣದ ಬಾಗಿಲಲ್ಲೇ ಯಾರೋ ಅಡ್ಡಗಟ್ಟಿದರು. ಅವಳು ತಳ್ಳಿಕೊಂಡೇ ಒಳಗೆ ಬಂದಳು. ಬೆಂಚಿನ ಮೇಲಿದ್ದವರು ಜಾಗ ಕೊಡಬಾರದೆಂದೇ ಕಾಲು ಅಗಲಿಸಿ ಕೂತರು.

ಉತ್ತರದ ಆ ಹಿಮದ ಊರು ಹುಟ್ಟಿದ್ದೇ ರೈಲಿನಿಂದ. ಎದೆಯುಬ್ಬಿಸಿ ಹೇಳಿಕೊಳ್ಳುವ ಚರಿತ್ರೆ ಮಾತ್ರ ಒಂದೇ: ಅಪ್ಪಂದಿರ ಕಾಲದಲ್ಲಿ ರೈಲು ಕಂಪನಿಯ ವಿರುದ್ಧ ನಡೆದ ಮುಷ್ಕರ. ಆ ಚಳಿಗಾಲ ಊರಿಗೆಲ್ಲ ಹೊಟ್ಟೆಗೆ ತಣ್ಣೀರು ಬಟ್ಟೆ. ಮುಖಂಡ ಜೈಲಿನಲ್ಲಿದ್ದ. ಒಂದು ಮುಂಜಾನೆ ಇವಳಪ್ಪ ಮುಷ್ಕರ ಮುರಿದು, ಬೋಗಿಯೊಂದೂ ಇಲ್ಲದ ಇಂಜಿನ್ನನ್ನು ಪಟ್ಟಣಕ್ಕೆ ಓಡಿಸಿಬಿಟ್ಟ. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಅಂದಿನಿಂದ ಕ್ಷೌರಿಕ ಅವನ ಗಡ್ಡ ಮುಟ್ಟಲಿಲ್ಲ, ಅಂಗಡಿಯವನು ಮುಖ ತಿರುಗಿಸಿದ. ಇವಳನ್ನು ಕೈಹಿಡಿಯಲು ಒಪ್ಪಿದವನ ಮನೆಗೂ ಕಲ್ಲು ಬಿತ್ತು. ದ್ವೇಷಕ್ಕೆ ಮಾತ್ರ ಆ ಊರಿನಲ್ಲಿ ಎಂದೂ ಮುಷ್ಕರವಿರಲಿಲ್ಲ ಬಿಡಿ.

ಈಗ ಮುಖಂಡನ ಮಗ, ಶಾಲೆಯ ಮೇಷ್ಟ್ರು, ಊರಿನ ಚರಿತ್ರೆ ಬರೆದಿದ್ದ. ನಾಳೆ ಅಚ್ಚಿಗೆ ಹೋಗಬೇಕು. ಪಕ್ಕದ ಕುರ್ಚಿಯಲ್ಲಿ ಅವನ ತಾಯಿ. ಊರಿಗೆಲ್ಲ ಆಕೆ ಅತ್ತಿಗೆ.

"ದ್ರೋಹಿ ಅನ್ನೋ ಆ ಒಂದು ಪದ ತೆಗೀರಿ ಮೇಷ್ಟ್ರೇ," ಎಂದಳು ಅವಳು. "ಅಪ್ಪ ಹಾಸಿಗೆ ಹಿಡಿದಿದ್ದಾರೆ. ಅದನ್ನು ಅಚ್ಚಲ್ಲಿ ನೋಡಿ ಸಾಯೋದು ಬೇಡ."

"ನಮ್ಮಪ್ಪ ಜೈಲಲ್ಲಿ ಕೊಳೀತಿದ್ರು. ನಮ್ಮಮ್ಮ, ನಾನು ಇದ್ದೀವೋ ಸತ್ತಿದ್ದೀವೋ ಅಂತ ನಿಮ್ಮಪ್ಪ ಒಂದಿನ ತಿರುಗಿ ನೋಡಿದ್ನಾ? ಕಂಪನಿ ಎಂಜಲು ತಿಂದೋನು!"

ಚಪ್ಪಾಳೆ ಬಿತ್ತು. ಅವಳು ಸಭೆಯ ಕಡೆ ತಿರುಗಿದಳು.

"ಎಲ್ಲ ರೈಲಿನೋರೇ ಕೂತಿದ್ದೀರಲ್ಲ! ಉಗಿ ಇಂಜಿನ್ ಒಬ್ಬನ ಕೈಲಾಗೋ ಕೆಲಸಾನಾ? ಕಲ್ಲಿದ್ದಲು ಹಾಕಿದ್ದು ಯಾರು? ಅವನ ಮುಖಕ್ಕೂ ಉಗೀರಿ!"

"ಕಂಪನಿ ಆಳು ಇರ್ಬೇಕು," ಎಂದರು ಯಾರೋ ಹಿಂದಿನಿಂದ.

"ಕಂಪನಿ ಆಳಾಗಿದ್ರೆ ಅಪ್ಪ ಹೆಸರು ಯಾಕೆ ಮುಚ್ಚಿಡ್ತಿದ್ರು? ಈ ಊರವರೇ ಯಾರೋ."

ಸಭೆಯಲ್ಲಿ ಒಬ್ಬೊಬ್ಬನೂ ಪಕ್ಕದವನ ಅಪ್ಪನೇ ಇರಬಹುದೇ ಎಂದು ಲೆಕ್ಕಹಾಕತೊಡಗಿದ.

"ಹೆಸರು ಹೇಳು!" ಮುಖಂಡನ ಮಗ ಗುಡುಗಿದ. "ಆ ದ್ರೋಹೀನೂ ಪುಸ್ತಕಕ್ಕೆ ಸೇರಿಸ್ತೀನಿ. ಅವನ ಮಕ್ಕಳು ಮರಿ ಎಲ್ಲ ತಲೆ ತಗ್ಗಿಸ್ಬೇಕು."

"ನಂಗೊತ್ತಿಲ್ಲ. ಅಪ್ಪ ಹೇಳಲ್ಲ. ಆಣೆ ಇಟ್ಟಿದ್ದಾರಂತೆ."

ಅತ್ತಿಗೆ ಕುರ್ಚಿಯ ಕೈ ಹಿಡಿದು ಎದ್ದು ಮಗನ ಕಡೆ ತಿರುಗಿದರು.

"ಜೈಲಲ್ಲಿದ್ದ ನಿಮ್ಮಪ್ಪನ ಮರ್ಯಾದೆ ಹೋಗುತ್ತೆ ಅಂತ ಆಣೆ ಹಾಕಿಸ್ಕೊಂಡೋಳು ನಾನು. ಬರ್ಕೋ ಮಗಾ: ಕಲ್ಲಿದ್ದಲು ನಾನು ಹಾಕ್ದೆ. ಜ್ವರ ಏರಿ, ಕಣ್ಣು ಮೇಲೆ ಮಾಡಿ, ನೀನು ಇಂಜಿನ್ನಲ್ಲೇ ನನ್ನ ಕಾಲ ಹತ್ರ ಬಿದ್ದಿದ್ದೆ. ಆಸ್ಪತ್ರೆ ಇದ್ದದ್ದು ಪಟ್ಟಣದಲ್ಲಿ."